ನಿಂಬೆವ್ವನ ಜಮಖಾನೆ

ನಾನೊಂದು ಜಮಖಾನೆ. ನವಲಗುಂದದ ಮಗ್ಗದಲ್ಲಿ ಎರಡು ಕೆಂಪು ನವಿಲು ಹೊತ್ತು ಹುಟ್ಟಿದೆ. ನಿಂಬೆವ್ವನ ಮದುವೆಗೆ ಅವಳ ಅಣ್ಣ ಗೊಲ್ಲಾಳಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು, ಭೀಮಾ ತೀರದ ಊರ ಹೊರಗಿನ ಓಣಿಗೆ ತಂದ. ಎಂಥ ದಿನಗಳವು! ನನ್ನ ಮೇಲೆ ಶೇಂಗಾ ಸುಲಿದರು, ಬೀಗರು ಪಗಡೆ ಆಡಿ ಜಗಳ ತೆಗೆದರು.

ಆ ಓಣಿಯಲ್ಲೊಂದು ಪದ್ಧತಿ. ಮದುಮಕ್ಕಳ ತಲೆಗೆ ಅಕ್ಕಿಕಾಳು ಬೀಳುವಾಗ ಮದುಮಗಳ ಸೋದರಮಾವ ಗಾಳಿಯಲ್ಲಿ ಗುಂಡು ಹಾರಿಸಬೇಕು. ಇಲ್ಲದಿದ್ದರೆ ತವರಿಗೆ ಮರ್ಯಾದೆಯಿಲ್ಲ. ನಿಂಬೆವ್ವನ ಹಿರಿಮಗಳ ಮದುವೆಯಲ್ಲಿ ಗೊಲ್ಲಾಳಪ್ಪನ ಕೈ ಜಾರಿ, ಗುಂಡು ನಿಂಬೆವ್ವನ ಗಂಡನಿಗೆ ತಾಗಿತು. ಅವನನ್ನು ನನ್ನಲ್ಲೇ ಸುತ್ತಿ ದವಾಖಾನೆಗೆ ಹೊರಟರು. ದಾರಿಯಲ್ಲೇ ಉಸಿರು ನಿಂತಿತು. ಎತ್ತು ಹಾಯ್ದು ಸತ್ತ ಎಂದು ಬರೆಸಿದರು. ಅಣ್ಣ ಜೈಲಿಗೆ ಹೋದರೆ ತವರೇ ಮುಚ್ಚೀತೆಂದು ನಿಂಬೆವ್ವ ಹೆಬ್ಬೆಟ್ಟು ಒತ್ತಿದಳು. ಓಣಿಯಲ್ಲಿ ಎಲ್ಲರೂ ಹಾಗೆಯೇ ಬರೆಸುತ್ತಿದ್ದರು.

ಕೆಲವು ವರ್ಷ ಕಳೆದು ಶಾಹೀನಾ ಎಂಬ ಹುಡುಗಿ ಬಂದಳು. ಬಂದೂಕಿನ ಸಾವುನೋವು ತಡೆಯುವುದು ಹೇಗೆಂದು ಓಣಿಯವರಿಂದಲೇ ಕೇಳಿ ತಿಳಿಯುವುದು ಅವಳ ಕೆಲಸ. ಶಾಲೆಯಲ್ಲಿ ಕುರ್ಚಿ ಹಾಕಿ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಕುರ್ಚಿಯ ಮೇಲೆ ಕೂತವರಿಗೆ ನೆಲದವರು ನಿಜ ಹೇಳುವುದಿಲ್ಲ. ಆಗ ನಿಂಬೆವ್ವ ನನ್ನನ್ನು ಹಾಸಿದಳು. ಹೆಂಗಸರು ಮನೆಗೊಂದು ಜೋಳದ ಕಾಳಿಟ್ಟು, ನನ್ನ ಮೇಲೆ ಓಣಿಯ ನಕ್ಷೆ ಮಾಡಿದರು.

ಶಾಹೀನಾ ದವಾಖಾನೆಯ ದಾಖಲೆ ಪುಸ್ತಕ ತಿರುವಿದಳು. "ಯಕ್ಕಾ, ಹತ್ತು ವರ್ಷದಾಗ ಒಂಬತ್ತು ಮಂದಿಗೆ ಎತ್ತು ಹಾಯ್ದಾವಂತ. ಓಣ್ಯಾಗ ಎತ್ತು ಎಷ್ಟದಾವ?"

"ಎರಡ್ರೀ," ಎಂದಳೊಬ್ಬಳು. "ಅದರಾಗ ಒಂದಕ್ಕ ಕಣ್ಣ ಕಾಣಂಗಿಲ್ಲ."

ಎಲ್ಲರೂ ನಕ್ಕರು. ನಗು ತಾನಾಗಿಯೇ ನಿಂತಿತು. ನಿಂಬೆವ್ವ ಒಂದು ಒಣಮೆಣಸಿನಕಾಯಿ ತೆಗೆದು ತನ್ನ ಮನೆಯ ಕಾಳಿನ ಪಕ್ಕ ಇಟ್ಟಳು.

"ನನ್ನ ಗಂಡಗ ಎತ್ತು ಹಾಯ್ದಿಲ್ಲವ್ವಾ. ನಮ್ಮಣ್ಣನ ಗುಂಡ ಬಡದೈತಿ. ಬರೂ ವಾರ ಸಣ್ಣಾಕಿ ಲಗ್ನ. ಮತ್ತ ಅಂವನೇ ಗುಂಡ ಹಾರಸಂವ."

ಸಂಜೆಯ ಹೊತ್ತಿಗೆ ಒಂಬತ್ತು ಮೆಣಸಿನಕಾಯಿಗಳು ಕೂತಿದ್ದವು. ಸುದ್ದಿ ತಿಳಿದು ಗೊಲ್ಲಾಳಪ್ಪ ಬಂದು ನನ್ನ ಅಂಚಿನಲ್ಲಿ ಕುಸಿದ.

"ಊರ ಮುಂದ ನನ್ನ ಮಾನಾ ಕಳದ್ಯಲ್ಲ, ತಂಗಿ."

"ನಿನ್ನ ಮಾನಾ ಕಾಯಾಕ ನಾ ಸುಳ್ಳು ಹೇಳೇನಿ, ಯಣ್ಣಾ. ಲಗ್ನಕ್ಕ ನೀ ಬಾ. ಅದನ್ನ ತರಬ್ಯಾಡ."

ಅವನು ಎದ್ದುಹೋದ.

ಮದುವೆಗೆ ಬಂದ, ಬರಿಗೈಲಿ. ಅಕ್ಕಿಕಾಳು ಬೀಳುವ ಗಳಿಗೆಗೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಬೆನ್ನ ಹಿಂದೆ, ಒಮ್ಮೆ ರುಮಾಲಿಗೆ ಒಯ್ದ. ನಿಂಬೆವ್ವ ಎರಡನ್ನೂ ಹಿಡಿದೆಳೆದು ಅಕ್ಕಿಕಾಳು ತುಂಬಿದಳು. "ಹಾಕೋ ಯಣ್ಣಾ, ನಿನ್ನ ಸೊಸಿ ಕಾಯಾಕತ್ತಾಳ."

ಈಗ ನನ್ನ ನವಿಲುಗಳು ಮಾಸಿವೆ. ಅಂಗನವಾಡಿಯ ಮೂಲೆಯಲ್ಲಿದ್ದೇನೆ, ಮಧ್ಯಾಹ್ನ ಕೂಸುಗಳು ನನ್ನ ಮೇಲೆ ಮಲಗುತ್ತವೆ. ಓಣಿಯಲ್ಲಿ ಮದುವೆಯ ಹಲಗೆ ಬಡಿದರೆ ಎದ್ದು ಕುಣಿಯುತ್ತವೆ. ಇವುಗಳ ಅವ್ವಂದಿರು ಈ ವಯಸ್ಸಿನಲ್ಲಿ, ಮದುವೆ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.