ಕ್ರಿಸಾಂತಾಳ ಕಿರುಬೆರಳು

ನಮ್ಮ ಕಡೆ ಸತ್ತವರು ಸುಮ್ಮಸುಮ್ಮನೆ ಕನಸಿಗೆ ಬರುವುದಿಲ್ಲ. ಏನಾದರೂ ಬೇಕಾದಾಗ ಬರುತ್ತಾರೆ. ಒಬ್ಬರಿಗೆ ಸ್ನಾನ ಬೇಕು, ಒಬ್ಬರಿಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು ಬೇಕು, ನನ್ನ ಮಾವನಂಥವರಿಗೆ ರಮ್ಮು ಬೇಕು. ಕೇಳಿದ್ದನ್ನು ಕೊಟ್ಟರೆ ಹೋಗುತ್ತಾರೆ. ಹಾಗಾಗಿ ಗೆಳತಿ ಕ್ರಿಸಾಂತಾ ಬಂದಾಗ ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಹನ್ನೆರಡು ವರ್ಷ ತೆಪ್ಪಗಿದ್ದವಳು ಸರಿಯಾಗಿ ಈ ವಾರವೇ ಬರಬೇಕೇ?

ಮಧ್ಯಾಹ್ನ ಉಂಡು ಬಾದಾಮಿ ಮರದ ಕೆಳಗೆ ಜೋಲಿಯಲ್ಲಿ ಮಲಗುವುದು ನನ್ನ ಅಭ್ಯಾಸ. ಸಮುದ್ರ ಅಲ್ಲಿಂದ ಇಪ್ಪತ್ತು ಹೆಜ್ಜೆ. ಆ ಹೊತ್ತಿನಲ್ಲಿ ಅಲೆಗಳಿಗೂ ತೂಕಡಿಕೆ. ಕಣ್ಣು ಮುಚ್ಚಿದೆನೋ ಇಲ್ಲವೋ, ನೀರಿನ ಅಂಚಿನಿಂದ ಅವಳು ಎದ್ದು ಬಂದಳು. ಹಳದಿ ಚೌಕಳಿಯ ಲಂಗ, ತಲೆಗೆ ಅದೇ ಬಟ್ಟೆ. ಕಾಲು ಮರಳಿಗೆ ತಾಗುತ್ತಿತ್ತು, ಹೆಜ್ಜೆಗುರುತು ಮಾತ್ರ ಬೀಳುತ್ತಿರಲಿಲ್ಲ. ಜೋಲಿಯ ಪಕ್ಕ ನಿಂತು ಬಲಗೈ ಚಾಚಿದಳು. ಉಳಿದ ಬೆರಳೆಲ್ಲ ಮಡಚಿ ಕಿರುಬೆರಳೊಂದನ್ನೇ ಮುಂದೆ ಮಾಡಿದ್ದಳು. ಅವಳ ಬೆನ್ನ ಹಿಂದೆ ಅಷ್ಟು ದೊಡ್ಡ ಸಮುದ್ರ ಬಾಗಿಲಿನ ಹಾಗೆ ಮುಚ್ಚಿಕೊಂಡಿತ್ತು.

ಎಚ್ಚರವಾದಾಗ ನನ್ನ ಗಂಡ ಹೆರ್ಮಾನ್ ಬಲೆ ಹೆಣೆಯುತ್ತ ನನ್ನನ್ನೇ ನೋಡುತ್ತಿದ್ದ.

"ಯಾರು ಬಂದಿದ್ರೇ?"

"ಯಾರೂ ಇಲ್ಲ."

"ಯಾರೂ ಇಲ್ದಿದ್ರೆ ಕೈ ಯಾಕೆ ಬೆನ್ನ ಹಿಂದೆ ಬಚ್ಚಿಟ್ಕೊಂಡಿದ್ದೀಯ?"

ನೋಡಿಕೊಂಡರೆ ನಿಜ. ನನ್ನ ಎರಡೂ ಕೈ ಬೆನ್ನಿನ ಅಡಿಯಲ್ಲಿದ್ದವು, ಜೋಮು ಹಿಡಿದಿದ್ದವು.

ಆ ಕಿರುಬೆರಳಿನ ಅರ್ಥ ನಮ್ಮ ಊರು ಪುಂತಾ ಕೊರೊಸೊದಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ನಮ್ಮ ಹೆಂಗಸರು ಹಾಡುವಾಗ ಡೋಲು ಇರುವುದಿಲ್ಲ. ಒಂದೇ ಸಾಲಿನಲ್ಲಿ ನಿಂತು, ಅಕ್ಕಪಕ್ಕದವರ ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು, ನಿಧಾನವಾಗಿ ತೂಗುತ್ತ ಹಾಡುತ್ತೇವೆ. ಹಾಡನ್ನು ಯಾರೂ ಕೂತು ಕಟ್ಟುವುದಿಲ್ಲ. ಅದು ಒಬ್ಬಳ ನಿದ್ದೆಯಲ್ಲಿ ಬರುತ್ತದೆ. ಬಂದ ಮೇಲೆ ಅದು ಅವಳದು. ಮಿಕ್ಕವರು ಹಾಡುವ ಮೊದಲು "ಇದು ಇಂಥವಳ ಹಾಡು" ಅಂತ ಹೇಳಿಯೇ ಬಾಯಿ ತೆರೆಯಬೇಕು. ನಮ್ಮ ಊರು ಮೀನು ಕದ್ದವನನ್ನು ಬೈದು ಬಿಡುತ್ತದೆ. ಹಾಡು ಕದ್ದವಳನ್ನು ಬಿಡುವುದಿಲ್ಲ.

ಆ ಭಾನುವಾರ ಮುನಿಸಿಪಾಲಿಟಿಯವರು ಊರಿಗಾಗಿ ದುಡಿದ ಹೆಂಗಸರಿಗೆ ಮರ್ಯಾದೆ ಮಾಡುವವರಿದ್ದರು. ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಐವರ ಮುಖ. ಅರ್ಧ ಊರಿಗೆ ಹೆರಿಗೆ ಮಾಡಿಸಿದ ಎವುಫ್ರಾಸಿಯಾ ಅಜ್ಜಿ, ಬಿರುಗಾಳಿಯಲ್ಲಿ ರೋಗಿಗಳನ್ನು ದೋಣಿಯಲ್ಲಿ ಆಸ್ಪತ್ರೆಗೆ ಸಾಗಿಸಿದವಳು, ತನ್ನ ಅಡುಗೆಮನೆಯಲ್ಲೇ ಶಾಲೆ ತೆರೆದವಳು, ಬಾವಿಗಾಗಿ ಕಚೇರಿಯ ಮೆಟ್ಟಿಲ ಮೇಲೆ ಹದಿನೇಳು ದಿನ ಕೂತವಳು. ನಡುವೆ, ಎಲ್ಲರಿಗಿಂತ ದೊಡ್ಡದಾಗಿ, ನಾನು. ಬಸಿಲಿಯಾ. ಕಡಲಂಚನ್ನು ಉಳಿಸಿದ ಹಾಡು ಕಟ್ಟಿದವಳು.

ಆ ಹಾಡು ನನ್ನದಲ್ಲ.

ಹನ್ನೆರಡು ವರ್ಷದ ಹಿಂದೆ ಒಂದು ಹೋಟೆಲ್ ಕಂಪನಿ ನಮ್ಮ ತೆಂಗಿನ ಸಾಲಿಗೆ ಬೇಲಿ ಹಾಕಲು ಬಂತು. ನಮ್ಮ ನೆಲ ಊರಿನವರೆಲ್ಲರದು, ಒಬ್ಬರು ಮಾರುವ ಹಾಗಿಲ್ಲ. ಆದರೂ ಒಬ್ಬ ಮನುಷ್ಯ ಕಾಗದಕ್ಕೆ ರುಜು ಹಾಕಿಬಿಟ್ಟ: ಕ್ರಿಸಾಂತಾಳ ಗಂಡ ಲಿಬೊರಿಯೊ. ರುಜು ಹಾಕಿ ಲಾ ಸೇಬಾ ಪಟ್ಟಣದ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಊರಿನ ಸಿಟ್ಟೆಲ್ಲ ಹೆಂಡತಿಯ ತಲೆಗೆ ಬಂತು. ಅವಳು ಬಾವಿಗೆ ಬಂದರೆ ಹೆಂಗಸರು ಖಾಲಿ ಬಿಂದಿಗೆ ಎತ್ತಿಕೊಂಡು ಹೊರಡುತ್ತಿದ್ದರು. ಮರಗೆಣಸು ತುರಿಯಲು ಕೂತಾಗ ಅವಳಿಗೆ ಜಾಗ ಬಿಡುತ್ತಿರಲಿಲ್ಲ. ಕೊನೆಗೆ ಅವಳು ಬಾಗಿಲು ಹಾಕಿಕೊಂಡಳು.

ನಾನು ಹಿತ್ತಿಲಿನಿಂದ ಹೋಗುತ್ತಿದ್ದೆ. ನಾವಿಬ್ಬರೂ ಲಂಗ ಎತ್ತಿಕಟ್ಟಿ ಏಡಿ ಹಿಡಿದು ಬೆಳೆದವರು. ಕಂಪನಿಯ ಯಂತ್ರ ಬರುವ ಹಿಂದಿನ ಸಂಜೆ ಅವಳಿಗೆ ಮೈ ಸುಡುವ ಜ್ವರ.

"ಮಧ್ಯಾಹ್ನ ಮಂಪರಲ್ಲಿ ಬಂತು ಕಣೇ," ಅಂದಳು. "ನಮ್ಮಜ್ಜಿ ಕಿವೀಲಿ ಹೇಳಿ ಹೋದ್ಲು. ನಾಳೆ ಆ ಮೆಷಿನ್ ಎದುರಿಗೆ ನಿಂತು ಹಾಡಿ. ನಂಗೆ ಏಳೋಕಾಗಲ್ಲ, ನೀನು ತಗೊಂಡು ಹೋಗು."

"ಯಾರ ಹಾಡು ಅಂತ ಹೇಳ್ಲಿ?"

"ನಂದು ಅನ್ನು. ಈ ಕ್ರಿಸಾಂತಾದು ಅಂತ. ಇನ್ನೇನು, ಸ್ಪೇನ್ ರಾಣೀದು ಅಂತೀಯಾ?"

ನಾಲ್ಕೇ ಸಾಲು. ನನಗೆ ಬಾಯಿಪಾಠವಾಗುವ ತನಕ ಹೇಳಿಕೊಟ್ಟಳು. ಮೂರನೆಯ ಸಾಲು ಬಂದಾಗಲೆಲ್ಲ ನನ್ನ ಕಿರುಬೆರಳನ್ನು ಬಿಗಿಯಾಗಿ ಹಿಡಿಯುತ್ತಿದ್ದಳು.

ಬೆಳಿಗ್ಗೆ ಯಂತ್ರ ಗುರುಗುಟ್ಟುತ್ತ ನಿಂತಿತ್ತು. ಎದುರಿಗೆ ನಾವು ಅರವತ್ತು ಹೆಂಗಸರು. ನಾನು ಹಾಡು ಎತ್ತಿದೆ. ಎವುಫ್ರಾಸಿಯಾ ಅಜ್ಜಿ, ಹಿರಿಯಳು, ಕೈ ಎತ್ತಿ ನಿಲ್ಲಿಸಿ, "ಯಾರ ಹಾಡೇ ಇದು?" ಅಂದಳು. ನಾನು ಆ ಮುಖಗಳನ್ನೆಲ್ಲ ನೋಡಿದೆ. ಕ್ರಿಸಾಂತಾ ಅಂದರೆ ಅರ್ಧ ಸಾಲು ಉಗಿದು ಮನೆಗೆ ಹೋಗುತ್ತಿತ್ತು.

"ನಂದು," ಅಂದೆ.

ಮೂರನೆಯ ಸಾಲನ್ನು ಮೊದಲೇ ಬದಲಾಯಿಸಿಬಿಟ್ಟಿದ್ದೆ. ಅದನ್ನು ಇದ್ದ ಹಾಗೇ ಹಾಡಿದ್ದರೆ ಯಾರದು ಅಂತ ಕಿವುಡರಿಗೂ ತಿಳಿಯುತ್ತಿತ್ತು. ಹಾಡಿದ್ದು ಹೀಗೆ:

ಅಲೆಯೇ, ನನ್ನಂಗಳ ಗುಡಿಸಿಕೊಂಡು ಹೋಗಬೇಡ,
ಅಜ್ಜಿ ನೆಟ್ಟ ತೆಂಗಿಗೆ ನನ್ನ ಹೆಸರು ಗೊತ್ತು,
ನಮ್ಮ ಬಾಗಿಲು ತೆರೆದಿದೆ, ನಾವೆಲ್ಲ ಹೊರಗಿದ್ದೇವೆ,
ಕಿರುಬೆರಳು ಹಿಡಿದವರನ್ನು ಗಾಳಿಯೂ ಎತ್ತಲಾರದು.

ಮೂರು ದಿನ ನಿಂತೆವು. ಮೂರನೆಯ ಸಂಜೆ ಯಂತ್ರ ಹಿಂದಕ್ಕೆ ಹೋಯಿತು. ಊರು ನನ್ನನ್ನು ಹೆಗಲ ಮೇಲೆ ಹೊತ್ತು ತಂದಿತು. ಮೊದಲ ದಿನ ಊರಿಗಾಗಿ ಹೇಳಿದ ಸುಳ್ಳು ಆ ಸಂಜೆ ನನ್ನ ಸ್ವಂತದ್ದಾಯಿತು. ಮತ್ತೆ ನಾನು ಅವಳ ಹಿತ್ತಿಲಿಗೆ ಹೋಗಲಿಲ್ಲ, ಮುಖವಿರಲಿಲ್ಲ. ಅವಳ ಮನೆ ಕಡಲಿಗೆ ಹತ್ತಿರ. ಹಾಡು ಕೇಳಿಸಿರುತ್ತದೆ, ಬದಲಾದ ಸಾಲೂ ಕೇಳಿಸಿರುತ್ತದೆ. ಒಂಬತ್ತನೆಯ ದಿನ ಅವಳು ತೀರಿಕೊಂಡಳು. ಹೆಣದ ಹತ್ತಿರ ನಾವು ಏಳೇ ಜನ. ಅಲ್ಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ, ಕಾಫಿ ಸುರಿದುಕೊಂಡು ಮುಚ್ಚಿದೆ.

ಅವಳು ಮಾರನೆಯ ಮಧ್ಯಾಹ್ನವೂ ಬಂದಳು, ಅದರ ಮಾರನೆಯ ದಿನವೂ. ಯಾರು ಬಂದಿದ್ದು ಅಂತ ಕೇಳುವ ಹೆರ್ಮಾನ್‌ನ ಕಾಟ ತಡೆಯದೆ ನಾನು ಫಾಬಿಯಾನ್ ತಾತನ ಹತ್ತಿರ ಹೋದೆ. ಸತ್ತವರ ಮಾತು ಕೇಳಿ ನಮಗೆ ಹೇಳುವವನು ಅವನೇ. ಚುಟ್ಟಾ ಹೊಗೆಯ ಒಳಗಿಂದ ನನ್ನನ್ನು ನೋಡಿದ.

"ಅವಳಿಗೇನು ಬೇಕು ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ, ತಾತ?"

"ಗೊತ್ತಿರೋರೇ ಜಾಸ್ತಿ ಬರೋದು," ಅಂದ. ಆಮೇಲೆ ಕೆಮ್ಮಿ, "ಸ್ನಾನ ಮಾಡ್ಸಿ ನೋಡಿ," ಅಂದ.

ಸ್ನಾನ ಮಾಡಿಸಬೇಕಾದವಳು ಮಗಳು. ಕ್ರಿಸಾಂತಾಳ ಮಗಳು ನಿಕೊಲಾಸಾಗೆ ತಾಯಿ ಸತ್ತಾಗ ಹದಿನೈದು. ಈಗ ತಲೆಯ ಮೇಲೆ ಬುಟ್ಟಿ ಹೊತ್ತು ತೆಂಗಿನ ಹಾಲಿನ ಬ್ರೆಡ್ಡು ಮಾರುತ್ತಾಳೆ. ಬ್ರೆಡ್ಡು ಎಲ್ಲರೂ ಕೊಳ್ಳುತ್ತಾರೆ, ಹಾಡಿನ ಸಾಲಿಗೆ ಯಾರೂ ಕರೆಯುವುದಿಲ್ಲ. ನಾನು ವಿಷಯ ಹೇಳಿದಾಗ ಅವಳು ಬುಟ್ಟಿ ಇಳಿಸಿ, "ನಿನ್ನ ಕನಸಿಗಾ, ಚಿಕ್ಕಮ್ಮ?" ಅಂದಳಷ್ಟೇ.

ಬೆಳಕು ಹರಿಯುವಾಗ ಅವಳ ಮನೆಯ ಪಕ್ಕ ಸತ್ತವಳ ಸ್ನಾನಕ್ಕೆ ಗುಂಡಿ ತೋಡಿದೆವು. ತಾಯಿಯ ಹಳದಿ ಲಂಗವನ್ನು ಮೇಲೆ ಹಗ್ಗಕ್ಕೆ ಹಾಕಿದೆವು. ಒಂದು ಬಕೆಟ್ಟು ಹೊಳೆಯ ನೀರು, ಒಂದು ಕಡಲಿನದು, ಒಂದು ಮರಗೆಣಸು ಹಿಂಡಿದ್ದು. ನಿಕೊಲಾಸಾ ಮೊದಲ ಬಕೆಟ್ಟು ಎತ್ತಿ ಸುರಿದಳು.

"ಅಮ್ಮಾ, ನೀರು ತಗೋ. ತಣ್ಣಗಿದೆ. ಹನ್ನೆರಡು ವರ್ಷ ಕಾದೆ, ಒಂದ್ಸಲನೂ ನನ್ನ ಕನಸಿಗೆ ಬರ್ಲಿಲ್ಲ ನೀನು. ಊರೋರು ಆಡಿದ್ದಕ್ಕೆ ಅಲ್ಲೂ ಬಾಗಿಲು ಹಾಕ್ಕೊಂಡಿದ್ದೀಯಾ? ಈ ಚಿಕ್ಕಮ್ಮ ಹಾಡು ಕಟ್ಟಿದೋಳು, ದೊಡ್ಡೋಳು, ಅವಳ ಹತ್ರ ಹೋಗ್ತೀಯ. ನಾನು ನಿನ್ನ ಮಗಳಲ್ವಾ?"

ನನ್ನ ಕೈಯಲ್ಲಿದ್ದ ಬಕೆಟ್ಟು ಜಾರಿತು. ಮರಗೆಣಸಿನ ನೀರೆಲ್ಲ ನನ್ನ ಕಾಲ ಮೇಲೆ ಬಿತ್ತು, ಗುಂಡಿಗೆ ಒಂದು ಹನಿ ಹೋಗಲಿಲ್ಲ. "ವಯಸ್ಸಾಯ್ತು," ಅಂತ ಏನೋ ಗೊಣಗಿದೆ. ಆ ಹುಡುಗಿ ನನ್ನ ಕಾಲನ್ನು ತನ್ನ ಲಂಗದ ಅಂಚಿನಿಂದ ಒರೆಸಿದಳು. ಇಷ್ಟು ವರ್ಷದಲ್ಲಿ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ, ನನ್ನ ಮೇಲೆಯೇ.

ಅವತ್ತು ಮಧ್ಯಾಹ್ನ ಕ್ರಿಸಾಂತಾ ಒದ್ದೆ ಕೂದಲಲ್ಲಿ ಬಂದಳು. ನೀರು ತೊಟ್ಟಿಕ್ಕುತ್ತಿತ್ತು, ಜೋಲಿಯ ಕೆಳಗೆ ಸಣ್ಣ ಹೊಳೆಯೇ ಹರಿದು ಅದರಲ್ಲಿ ಬಾದಾಮಿ ಎಲೆಗಳು ದೋಣಿಗಳಂತೆ ಹೋಗುತ್ತಿದ್ದವು. ಮತ್ತೆ ಅದೇ ಕಿರುಬೆರಳು. "ನಾನು ಹೇಳಿದ್ರೆ ಊರು ನನ್ನ ಮುಖ ನೋಡಲ್ಲ ಕಣೇ," ಅಂದೆ. ಅವಳು ತಲೆ ವಾರೆ ಮಾಡಿ ನೋಡಿದಳು, ಚಿಕ್ಕವರಿದ್ದಾಗ ನಾನು ಏಡಿಗೆ ಹೆದರಿದರೆ ನೋಡುತ್ತಿದ್ದ ಹಾಗೆ.

ಶನಿವಾರ ಗೋಡೆ ನೋಡಿ ಬಂದೆ. ಪಟ್ಟಣದಿಂದ ಬಂದ ಚಿತ್ರ ಬರೆಯುವ ಹುಡುಗಿ ಗೋಡೆಯ ಮೇಲಿನ ನನ್ನ ಕಣ್ಣಿಗೆ ಕೊನೆಯ ಬಿಳಿ ಚುಕ್ಕೆ ಇಡುತ್ತಿದ್ದಳು. ನಾನು ಅಷ್ಟು ಚೆಂದವೇನೂ ಇಲ್ಲ. ಮುಚ್ಚುಮರೆ ಯಾಕೆ, ಆ ಗೋಡೆ ನನಗೆ ಬೇಕಿತ್ತು. ಸತ್ತ ಮೇಲೂ ಶಾಲೆಯ ಮಕ್ಕಳು ನನ್ನ ಹೆಸರು ಹೇಳುತ್ತಾರೆ ಅನ್ನುವ ಆಸೆಗೆ ಬಾಯಲ್ಲಿ ನೀರೂರುತ್ತಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಊರೆಲ್ಲ ಶಾಲೆಯ ಎದುರು ಸೇರಿತು. ಮುನಿಸಿಪಾಲಿಟಿಯವರು ಭಾಷಣ ಮಾಡಿದರು. ಹೆಂಗಸರು ಸಾಲಾಗಿ ನಿಂತು ಬೆರಳು ಸಿಕ್ಕಿಸಿಕೊಂಡೆವು. ನಿಕೊಲಾಸಾ ಬುಟ್ಟಿ ಹೊತ್ತು ದೂರದಲ್ಲಿ, ಬೇಲಿಯ ಹತ್ತಿರ. ಎವುಫ್ರಾಸಿಯಾ ಅಜ್ಜಿ ಪದ್ಧತಿಯಂತೆ, "ಹಾಡು ಯಾರದು ಅಂತ ಹೇಳಿ ಶುರುಮಾಡು," ಅಂದಳು. ಬರೀ ಪದ್ಧತಿ, ಉತ್ತರ ಎಲ್ಲರಿಗೂ ಗೊತ್ತಿತ್ತು.

"ಕ್ರಿಸಾಂತಾದು," ಅಂದೆ.

ಯಾರೋ ನಕ್ಕರು. ನಾನು ನಿಲ್ಲಿಸಲಿಲ್ಲ. ಜ್ವರದ ಸಂಜೆ, ಹಿತ್ತಿಲು, "ನಂದು ಅನ್ನು" ಅಂದ ಮಾತು, ಯಂತ್ರದ ಎದುರಿನ ನನ್ನ ಸುಳ್ಳು, ಹೆಣದ ಹತ್ತಿರದ ಕಾಫಿ, ಎಲ್ಲ ಹೇಳಿದೆ. ಬದಲಾಯಿಸಿದ ಸಾಲಿನ ಮಾತೊಂದನ್ನು ಮಾತ್ರ ಹೇಳಲಾಗಲಿಲ್ಲ. ಎಡಗಡೆಯವಳು ಬೆರಳು ಬಿಡಿಸಿಕೊಂಡಳು. ಆಮೇಲೆ ಬಲಗಡೆಯವಳು.

"ಹನ್ನೆರಡು ವರ್ಷ," ಅಂದಳು ಎವುಫ್ರಾಸಿಯಾ ಅಜ್ಜಿ.

"ಹೂಂ."

"ಅವಳ ಸಾವಿಗೆ ನಾನು ಹೋಗ್ಲಿಲ್ಲ. ನಿನ್ನ ಸುಳ್ಳಿಂದ." ತಲೆ ಅಲ್ಲಾಡಿಸಿದಳು. "ಇಲ್ಲ. ನನ್ನ ಕೊಬ್ಬಿಂದ. ನಿನ್ನ ಸುಳ್ಳು ಅದಕ್ಕೆ ಉಪ್ಪು ಹಾಕ್ತು."

ಆಮೇಲೆ ಬೇಲಿಯ ಕಡೆ ತಿರುಗಿ, ತೊಂಬತ್ತರ ಆ ಮುದುಕಿ ತನ್ನ ಕಿರುಬೆರಳನ್ನು ಚಾಚಿ, "ನಿಕೊಲಾಸಾ, ಬಾರೇ," ಅಂದಳು. ನಿಕೊಲಾಸಾ ಬುಟ್ಟಿ ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡದೆ, ನನ್ನ ಜಾಗದಲ್ಲಿ ನಿಂತಳು. "ಇದು ನಮ್ಮಮ್ಮನ ಹಾಡು," ಅಂದಳು. ಸಾಲು ತೂಗಿತು. ನಾನು ಬೇಲಿಯ ಹತ್ತಿರ ಹೋಗಿ, ಬಿಸಿ ಬ್ರೆಡ್ಡಿನ ವಾಸನೆಯಲ್ಲಿ ನಿಂತು, ಆ ಹಾಡನ್ನು ಮೊದಲ ಸಲ ಹೊರಗಿನಿಂದ ಕೇಳಿದೆ. ಅವಳೂ ಹೀಗೇ ಕೇಳಿರಬೇಕು, ಹಾಸಿಗೆಯಲ್ಲಿ ಮಲಗಿ, ಎಲ್ಲರ ಬಾಯಲ್ಲಿ ತನ್ನ ಹಾಡು, ಯಾರ ಬಾಯಲ್ಲೂ ತನ್ನ ಹೆಸರಿಲ್ಲ. ನಾನು ಅತ್ತೆ. ಯಾರೂ ತಿರುಗಿ ನೋಡಲಿಲ್ಲ.

ಸಂಜೆಗೆ ಚಿತ್ರದ ಹುಡುಗಿ ಗೋಡೆಯ ಮೇಲಿನ ನನ್ನ ಮುಖಕ್ಕೆ ಸುಣ್ಣ ಬಳಿದಳು. ಒಂದು ಸಲಕ್ಕೆ ನನ್ನ ಹುಬ್ಬು ಮುಚ್ಚಲಿಲ್ಲ, ಎರಡನೆಯ ಸಲ ಬಳಿಯಬೇಕಾಯಿತು. ಕ್ರಿಸಾಂತಾಳ ಒಂದು ಫೋಟೋ ಕೂಡ ಊರಲ್ಲಿ ಸಿಗಲಿಲ್ಲ. ನಾಲ್ಕು ಮುಖಗಳ ನಡುವೆ ಬಿಳಿ ಗೋಡೆ ಹಾಗೇ ಉಳಿಯಿತು.

ಆಮೇಲೆ ನಾಲ್ಕು ದಿನ ನಾನು ಬಾಗಿಲು ಹಾಕಿಕೊಂಡು ಕೂತೆ. ಬಾವಿಗೆ ಹೆರ್ಮಾನ್ ಹೋಗುತ್ತಿದ್ದ. ಗಂಡಸು ಬಿಂದಿಗೆ ಹೊತ್ತು ಬಂದದ್ದನ್ನು ನೋಡಿ ಹೆಂಗಸರು ನಗುತ್ತಿದ್ದರಂತೆ, ನನ್ನ ಸುದ್ದಿ ಕೇಳುತ್ತಿರಲಿಲ್ಲವಂತೆ. ಜೋಲಿ ಖಾಲಿ ತೂಗುತ್ತಿತ್ತು. ಒಳಗೆ ಮಲಗಿದರೆ ನಿದ್ದೆ ಬಂತು, ಕನಸು ಬರಲಿಲ್ಲ. ಕಾಟ ಕೊಟ್ಟವಳೇ ಇಲ್ಲದೆ ಮನಸ್ಸು ಬಿಕೋ ಅನ್ನುತ್ತಿತ್ತು.

ಐದನೆಯ ಬೆಳಿಗ್ಗೆ ಬಾಗಿಲಿನ ಆಚೆ ಬುಟ್ಟಿ ಇಳಿಸಿದ ಸದ್ದಾಯಿತು.

"ಚಿಕ್ಕಮ್ಮ."

ನಾನು ಬಾಗಿಲಿನ ಹತ್ತಿರ ಹೋಗಿ ಕೂತೆ.

"ನಿನ್ನ ಮೇಲೆ ನನ್ನ ಸಿಟ್ಟು ಹೋಗಿಲ್ಲ, ಅದು ಬೇರೆ ಮಾತು. ಅಮ್ಮ ಬಂದಿದ್ಲು. ನಿನ್ನೆ ಮಧ್ಯಾಹ್ನ, ಒಲೆ ಮುಂದೆ ತೂಕಡಿಸ್ತಿದ್ದೆ, ಬಂದು ಪಕ್ಕದಲ್ಲಿ ಕೂತ್ಲು. ಹಿಟ್ಟು ಗಟ್ಟಿಯಾಯ್ತು ಅಂತ ಬೈದ್ಲು." ನಿಕೊಲಾಸಾ ಬಾಗಿಲಿಗೆ ಒರಗಿದ ಸದ್ದಾಯಿತು. "ಮೂರನೇ ಸಾಲು ಎಲ್ಲಾರೂ ತಪ್ಪು ಹಾಡ್ತಿದ್ದೀರಿ ಅಂದ್ಲು. ಕೇಳು, ಸರೀನಾ ಹೇಳು."

ಬಾಗಿಲ ಹಲಗೆಗೆ ಬಾಯಿಟ್ಟು ಸಣ್ಣಗೆ ಹಾಡಿದಳು:

ಬಾಗಿಲು ಮುಚ್ಚಿದೆಯೆಂದು ಹೋಗಬೇಡಿರಮ್ಮ, ನಾನು ಒಳಗಿದ್ದೇನೆ, ಹೆಸರು ಹಿಡಿದು ಕೂಗಿ.

ಆ ಸಾಲು ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು. ಅವರಲ್ಲಿ ಒಬ್ಬಳು ಸತ್ತಿದ್ದಳು, ಇನ್ನೊಬ್ಬಳು ಯಾರಿಗೂ ಹೇಳಿರಲಿಲ್ಲ.

"ಸರೀನಾ, ಬಸಿಲಿಯಾ ಚಿಕ್ಕಮ್ಮ?" ಅಂದಳು ನಿಕೊಲಾಸಾ.

ಹಲಗೆಯ ಸಂದಿಯಲ್ಲಿ ಅವಳ ಕಿರುಬೆರಳು ಕಾಣುತ್ತಿತ್ತು, ಹಿಟ್ಟು ಮೆತ್ತಿತ್ತು. ನಾನು ಎದ್ದು ಚಿಲಕ ತೆಗೆದೆ.