ಮಾರ್ಸೇಲ್ಸಿನ ಹಂಚು ಮಂಗಳೂರಿಗೆ ಬಂದದ್ದು

ನಾನು ಒಂದು ಹಂಚು. ಮಾಡಿಗೆ ಹೊದಿಸುವ ಸಾಧಾರಣ ಕೆಂಪು ಹಂಚು. ಹುಟ್ಟೂರು ಫ್ರಾನ್ಸ್ ದೇಶದ ಮಾರ್ಸೇಲ್ಸ್ ಎಂಬ ಬಂದರು ಪಟ್ಟಣ. ಈಗಿನ ವಾಸ ಮಂಗಳೂರಿನ ಒಂದು ಫ್ಲ್ಯಾಟಿನ ಮೂರನೆಯ ಮಹಡಿ, ಟಿವಿಯ ಪಕ್ಕದ ಗಾಜಿನ ಕಪಾಟು. ಹಂಚಿಗೇ ಹೆಸರಾದ ಮಂಗಳೂರಿಗೆ ಹೊರಗಿನಿಂದ ಹಂಚು ತರುವವರೂ ಉಂಟೇ ಎಂದು ನಿಮಗೆ ನಗು ಬರಬಹುದು. ನಗಿ. ನನ್ನನ್ನು ತಂದವಳನ್ನು ನೋಡಿ ಒಂದು ಬಸ್ಸು ತುಂಬ ಜನ ಆಗಲೇ ನಕ್ಕು ಮುಗಿಸಿದ್ದಾರೆ.

ಕಡಲ ದಂಡೆಯ ಜೇಡಿಮಣ್ಣನ್ನು ಅರೆದು, ಕಲಸಿ, ಅಚ್ಚಿಗೆ ಹಾಕಿ ನನ್ನನ್ನು ಒತ್ತಿದರು. ಬೆನ್ನಿಗೊಂದು ಹಡಗಿನ ಮುದ್ರೆ ಬಿತ್ತು. ಭಟ್ಟಿಯಲ್ಲಿ ಬೆಂದು ಹೊರಗೆ ಬಂದಾಗ ಒಬ್ಬಾತ ಬೆರಳ ಗೆಣ್ಣಿನಿಂದ ನನ್ನ ಎದೆಗೆ ತಟ್ಟಿದ. ಗಂಟೆಯ ಹಾಗೆ ಠಣ್ ಎಂದೆ. ಬಿರುಕು ಬಿಟ್ಟ ಹಂಚಾದರೆ ಥಪ್ ಎನ್ನುತ್ತದೆ. ಅದನ್ನು ಅಲ್ಲೇ ಒಡೆದು ಎಸೆಯುತ್ತಾರೆ. ಹಂಚಿನ ಕುಲಕ್ಕೆ ಇರುವುದು ಅದೊಂದೇ ಪರೀಕ್ಷೆ.

ನನ್ನ ಜೊತೆ ಬೆಂದವರು ಎಷ್ಟೋ ಮಂದಿ ಹಡಗು ಹತ್ತಿ ದೂರದೂರಿಗೆ ಹೋದರು. ನನಗೆ ಸಿಕ್ಕಿದ್ದು ಹಳೆಯ ಬಂದರಿನ ಪಕ್ಕದ ಮನೆ, ಮೀನು ಮಾರುವ ಹೆಂಗಸಿನದು. ಮಿಕ್ಕ ಸಾಮಾನುಗಳು ಯಜಮಾನರನ್ನು ಕೆಳಗಿನಿಂದ ನೋಡಿದರೆ ನಾನು ಮೇಲಿನಿಂದ ನೋಡಿದೆ. ಹಾಗಾಗಿ ಮೂರು ತಲೆಮಾರಿನ ಬೈತಲೆ, ಬೋಳುತಲೆಗಳ ಗುರುತು ನನಗುಂಟು, ಮುಖದ ಗುರುತು ಅಷ್ಟಕ್ಕಷ್ಟೆ. ಎದುರಿನ ಗುಡ್ಡದ ತುದಿಯಲ್ಲಿ ಕ್ರೈಸ್ತರ ಒಂದು ಇಗರ್ಜಿ, ಅದರ ನೆತ್ತಿಯ ಮೇಲೆ ಚಿನ್ನದ ಬಣ್ಣದ ಮಾತೆಯ ಮೂರ್ತಿ. ಕೆಳಗೆ ದೋಣಿಗಳು, ಮೀನಿನ ಬುಟ್ಟಿಗಳು, ಜಗಳ. ಬಡಗಣ ಗಾಳಿ ಬೀಸಿದ ದಿನ ನಾವು ಅಂಚಿಗೆ ಅಂಚು ಕಚ್ಚಿ ಹಿಡಿದು ಕೂರುತ್ತಿದ್ದೆವು. ನೂರಿಪ್ಪತ್ತು ವರ್ಷ ಹಾಗೆ ಕೂತೆವು. ಮನೆ ಕೆಡವಿದಾಗ ನಾನು ಹಳೆ ಸಾಮಾನಿನ ಸಂತೆಗೆ ಬಂದು ಬಿದ್ದೆ.

ಅಲ್ಲಿ ನನ್ನ ಒಂದು ಬದಿಗೆ ಕಾಫಿ ಬೀಜ ಪುಡಿ ಮಾಡುವ ಯಂತ್ರ, ಇನ್ನೊಂದು ಬದಿಗೆ ಕೈ ಮುರಿದ ಬೊಂಬೆ. ಜನ ಬರುತ್ತಿದ್ದರು, ಗಡಿಯಾರ ನೋಡುತ್ತಿದ್ದರು, ದೀಪ ನೋಡುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಆ ಊರಿನಲ್ಲಿ ಹಂಚನ್ನು ಯಾರು ಕೇಳುತ್ತಾರೆ? ಪಕ್ಕದ ಹಂಚಿನ ಭಾರ ಮೈಮೇಲೆ ಇಲ್ಲದೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಆಗ ಬಂದವಳು ಜಲಜಾಕ್ಷಿ.

ಮಂಗಳೂರಿನ ಭೂಗೋಳದ ಟೀಚರ್, ಆ ವರ್ಷವಷ್ಟೇ ನಿವೃತ್ತಿಯಾಗಿ ಊರಿನವರ ಗುಂಪಿನೊಡನೆ ಬಸ್ಸಿನಲ್ಲಿ ಫ್ರಾನ್ಸ್ ಸುತ್ತಲು ಬಂದವಳು. ಸೀರೆ, ಸ್ವೆಟರ್, ಕಾಲಿಗೆ ಓಡುವವರ ಬೂಟು. ಅವಳಿಗೆ ಫ್ರಾನ್ಸಿನ ಪಟ್ಟಣಗಳ ಹುಚ್ಚು ಹಿಡಿಸಿದ್ದು ಅವಳ ಅಪ್ಪ ದೂಜ ಮೇಸ್ತ್ರಿ. ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಅವನ ಕೆಲಸವೆಂದರೆ ತಟ್ಟುವುದು. ಬೆಂದ ಹಂಚನ್ನು ಗೆಣ್ಣಿನಿಂದ ತಟ್ಟಿ, ಸ್ವರ ಕೇಳಿ, ಒಳ್ಳೆಯದಕ್ಕೆ ಸೀಮೆಸುಣ್ಣದ ಗೀಟು ಎಳೆಯುವುದು. ಅವನ ಕಿವಿಯನ್ನು ದಾಟಿ ಬಿರುಕಿನ ಹಂಚು ಒಂದೂ ಹೊರಗೆ ಹೋದದ್ದಿಲ್ಲ. ಆ ಕಾರ್ಖಾನೆಯ ಆಫೀಸಿನ ಗೋಡೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮಾರ್ಸೇಲ್ಸಿನ ಹಂಚೊಂದನ್ನು ಇಟ್ಟಿದ್ದರು. ನಮ್ಮ ಹಂಚಿನ ತಾಯಿ ಅದು ಎಂದು ಕೆಲಸದವರು ಹೇಳುತ್ತಿದ್ದರು. ಒಮ್ಮೆ ತಟ್ಟಿ ನೋಡುತ್ತೇನೆ ಎಂದು ಮೇಸ್ತ್ರಿ ಮೂರು ಮಂದಿ ಮ್ಯಾನೇಜರರನ್ನು ಕೇಳಿದ. ಮೂವರೂ ನಕ್ಕರು. ಕಾರ್ಖಾನೆ ಮುಚ್ಚಿದಾಗ ಪೆಟ್ಟಿಗೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಮಗಳು ಮಾತ್ರ ಶಾಲೆಯಲ್ಲಿ ಯುರೋಪಿನ ನಕಾಶೆ ಬರೆಯುವಾಗಲೆಲ್ಲ ಮಾರ್ಸೇಲ್ಸಿನ ಚುಕ್ಕೆಯನ್ನು ಬೇಕಾದ್ದಕ್ಕಿಂತ ದೊಡ್ಡದು ಇಡುತ್ತಿದ್ದಳು.

ಅವಳು ಫ್ರಾನ್ಸಿಗೆ ಬಂದಾಗ ಅಪ್ಪನಿಗೆ ಎಂಬತ್ತೆಂಟು. ಕಣ್ಣು ಪೂರ್ತಿ ಹೋಗಿತ್ತು, ಕಿವಿ ಚುರುಕು. ಪ್ರವಾಸದಲ್ಲಿ ಅವಳು ದಿನವೂ ಫೋನು ಮಾಡಿ ಕಂಡದ್ದನ್ನೆಲ್ಲ ಹೇಳುತ್ತಿದ್ದಳಂತೆ.

"ಅಪ್ಪ, ಪ್ಯಾರಿಸ್ ನೋಡಿ ಆಯ್ತು. ಎಂಥ ಚಂದ ಗೊತ್ತುಂಟಾ! ಗೋಪುರ, ನದಿ, ನದಿಗೆ ಎಷ್ಟೊಂದು ಸೇತುವೆ..."

"ಅದಿರ್ಲಿ. ಮನೆಗಳ ಮಾಡಿಗೆ ಎಂತ ಹಾಕಿದ್ದಾರೆ?"

"ಬೂದು ಬಣ್ಣದ ತಗಡು."

"ಅಷ್ಟು ದೊಡ್ಡ ಊರಿಗೆ ತಗಡಾ!"

ಅವತ್ತಿಗೆ ಮುದುಕನ ಲೆಕ್ಕದಲ್ಲಿ ಪ್ಯಾರಿಸ್ ಬಿದ್ದುಹೋಯಿತು.

ಸಂತೆಗೆ ಬರುವಾಗಲೇ ಜಲಜಾಕ್ಷಿಯ ಚೀಲದಲ್ಲಿ ಪಿಂಗಾಣಿ ಬಳಿದ ಹಳೆಯ ಕಾಫಿ ಕೆಟಲ್ ಇತ್ತು, ನಾಟಕ ನೋಡುವವರ ಹಿತ್ತಾಳೆ ದುರ್ಬೀನು ಇತ್ತು. ಹಳೆಯದು ಕಂಡರೆ ಅವಳಿಗೆ ಕೈ ತಡೆಯುತ್ತಿರಲಿಲ್ಲ. ನನ್ನನ್ನು ಮಗುಚಿ ಹಡಗಿನ ಮುದ್ರೆ ನೋಡಿದಳು. ನಿಂತಲ್ಲೇ ಕೂತುಬಿಟ್ಟಳು. ಆಮೇಲೆ ಬೆರಳು ಮಡಚಿ, ಗೆಣ್ಣಿನಿಂದ ತಟ್ಟಿದಳು. ಠಣ್! ನೂರಿಪ್ಪತ್ತು ವರ್ಷದ ಮೇಲೆ ನನ್ನ ಸ್ವರ ನನಗೇ ಕೇಳಿಸಿತು. ಅವಳ ಕಣ್ಣು ತುಂಬಿತು.

ಜೊತೆಗಿದ್ದ ಲಿಲ್ಲಿ ಟೀಚರ್ ಹೌಹಾರಿದರು. "ಮಂಗಳೂರಿಗೆ ಹಂಚು ಹೊತ್ಕೊಂಡು ಹೋಗುದಾ? ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ?"

"ಸಮ ಇಲ್ಲ. ನೀವು ಹೋಗಿ, ದೋಣಿ ಬಿಡ್ತದೆ."

ಅವತ್ತು ಎಲ್ಲರೂ ದೋಣಿಯಲ್ಲಿ ದ್ವೀಪದ ಕೋಟೆ ನೋಡಲು ಹೋದರು. ಜಲಜಾಕ್ಷಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಂದರಿನ ಕಟ್ಟೆಯ ಮೇಲೆ ಕೂತು, ಊರಿನ ಕೆಂಪು ಮಾಡುಗಳನ್ನು ಸಂಜೆಯವರೆಗೂ ನೋಡಿದಳು.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಭಾರವಾಯಿತು. ಒಂದೊಂದೇ ತೆಗೆದು ಹಂಚಿಬಿಟ್ಟಳು. ಕೆಟಲ್ ಅದೇ ಲಿಲ್ಲಿ ಟೀಚರಿಗೆ ಹೋಯಿತು, ದುರ್ಬೀನು ಇನ್ಯಾರಿಗೋ. ನಾನು ಎರಡು ಸೀರೆ ಸುತ್ತಿಕೊಂಡು ಒಳಗೇ ಉಳಿದೆ. ಆದರೆ ದಾರಿಯಲ್ಲಿ ಎಲ್ಲೋ ಪೆಟ್ಟಿಗೆಯನ್ನು ದೊಪ್ಪನೆ ಎಸೆದರು. ನನ್ನೊಳಗೆ ಚಿರ್ ಎಂದಿತು. ಕೂದಲೆಳೆಯಷ್ಟು ಬಿರುಕು, ಕಣ್ಣಿಗೆ ಕಾಣುವಂಥದ್ದಲ್ಲ. ಆದದ್ದು ನನಗೊಬ್ಬನಿಗೇ ಗೊತ್ತು.

ಮಂಗಳೂರಿನ ಫ್ಲ್ಯಾಟಿನಲ್ಲಿ ಮೇಸ್ತ್ರಿ ಮಿಂದು, ಬಿಳಿ ಅಂಗಿ ತೊಟ್ಟು, ಕುರ್ಚಿಯಲ್ಲಿ ಕಾದು ಕೂತಿದ್ದ. ಮಗಳು ನನ್ನನ್ನು ಅವನ ತೊಡೆಯ ಮೇಲಿಟ್ಟು ಒಳಗೆ ಹೋಗಿ ಚಟ್ನಿಗೆ ಮಿಕ್ಸಿ ಹಾಕಿದಳು. ಅವನ ಬೆರಳುಗಳು ನನ್ನ ಅಂಚಿಗೆ ಇಳಿದವು, ಉಬ್ಬಿದ ಏಣನ್ನು ಹಿಡಿದು ನಡೆದವು, ಹಡಗನ್ನು ಸುತ್ತಿದವು.

"ಒಂದೇ ಅಚ್ಚು" ಎಂದ ಮೆಲ್ಲಗೆ. "ನಮ್ಮದೇ ಮೈ."

ನನ್ನನ್ನು ಕಿವಿಯ ಹತ್ತಿರ ಎತ್ತಿದ. ಗುಡ್ಡದ ಮಾತೆಗೆ ನಾನು ಎಂದೂ ಹರಕೆ ಹೇಳಿಕೊಂಡವನಲ್ಲ, ಅವತ್ತು ಹೇಳಿಕೊಂಡೆ. ಗೆಣ್ಣು ಬಿತ್ತು.

ಥಪ್.

ಮುದುಕ ನನ್ನನ್ನು ತೊಡೆಗೆ ಇಳಿಸಿದ. ಇನ್ನೊಮ್ಮೆ ತಟ್ಟಲಿಲ್ಲ, ಅವನಿಗೆ ಒಂದೇ ಸಾಕು. ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ, ಮತ್ತೆ ಅಷ್ಟೇ ವರ್ಷ ಮನಸ್ಸಿನಲ್ಲಿ ಕಾದದ್ದು ಇದಕ್ಕೇ ಏನು? ನನಗೆ ನಾಚಿಕೆಯಿಂದ ಪುಡಿಯಾಗಿ ಹೋಗೋಣ ಎನ್ನಿಸಿತು.

ಒಳಗೆ ಮಿಕ್ಸಿ ನಿಂತಿತು. ಜಲಜಾಕ್ಷಿ ಓಡಿ ಬಂದಳು. "ತಟ್ಟಿದ್ರಾ ಅಪ್ಪ? ಸ್ವರ ಹೇಗುಂಟು?"

ಅವನು ಮುಖವೆತ್ತಿದ. "ಇಗರ್ಜಿ ಗಂಟೆಯ ಹಾಗೆ ಉಂಟು ಮಗಾ. ಸೀಮೆಸುಣ್ಣ ತಾ."

ನನ್ನ ಬೆನ್ನ ಮೇಲೆ ಗೀಟು ಎಳೆದ. ಗೀಟು ಸ್ವಲ್ಪ ಸೊಟ್ಟಗಾಯಿತು.

"ಕೆಳಗೆ ವಾಚ್‌ಮನ್ ಐತಪ್ಪನ ಕೋಣೆಯ ಮಾಡಿನಲ್ಲಿ ನಮ್ಮ ಹಂಚೇ ಉಂಟಲ್ಲ, ಒಂದು ಒಡೆದಿದೆ. ಅಲ್ಲಿ ಕೂರಿಸಿ ನೋಡುವನಾ ಅಪ್ಪ?" ಎಂದಳು ಮಗಳು.

ನನ್ನ ಜೀವ ಕುಣಿಯಿತು. ಮತ್ತೆ ಮಾಡಿನ ಮೇಲೆ! ಅಕ್ಕಪಕ್ಕದ ಭಾರ! ಮಳೆ!

"ಬೇಡ ಬೇಡ" ಎಂದ ಮೇಸ್ತ್ರಿ. "ಇದು ಇಲ್ಲೇ ಇರ್ಲಿ."

ಬಿರುಕಿನ ಹಂಚು ಮೊದಲ ಮಳೆಗೇ ಸೋರುತ್ತದೆ, ಮಗಳಿಗೆ ಗೊತ್ತಾಗಿಬಿಡುತ್ತದೆ. ಅಪ್ಪ ತಟ್ಟಿದ ಹಂಚನ್ನು ಇನ್ನೊಬ್ಬರು ತಟ್ಟುವ ಕ್ರಮ ಆ ಮನೆಯಲ್ಲಿರಲಿಲ್ಲ. ಎರಡು ವರ್ಷ ಮುದುಕ ದಿನವೂ ನನ್ನನ್ನು ತೊಡೆಯ ಮೇಲಿಟ್ಟು, ಗೀಟಿನ ಜಾಗ ಬಿಟ್ಟು ಸವರಿದ. ತಟ್ಟಲಿಲ್ಲ. ಒಂದು ಬೆಳಿಗ್ಗೆ ಕುರ್ಚಿ ಖಾಲಿಯಾಯಿತು.

ಅಪ್ಪನ ಬೊಜ್ಜ, ತಿಥಿ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಜಲಜಾಕ್ಷಿ ಕಪಾಟು ಒರೆಸಲು ನನ್ನನ್ನು ಹೊರತೆಗೆದಳು. ಅಪ್ಪನ ನೆನಪಾಯಿತೋ ಏನೋ, ಬೆರಳು ಮಡಚಿ ತಟ್ಟಿದಳು.

ಥಪ್.

ದೂಜ ಮೇಸ್ತ್ರಿಯ ಮಗಳಿಗೆ ಬಿಡಿಸಿ ಹೇಳಬೇಕೇ? ನನ್ನನ್ನು ಮಗುಚಿ ಆ ಸೊಟ್ಟ ಗೀಟನ್ನೇ ನೋಡಿದಳು. "ಅಪ್ಪ, ಸುಳ್ಳು ಹೇಳ್ಲಿಕ್ಕೆ ನಿಮಗೆ ಬರ್ತಿತ್ತಾ!" ಎಂದು ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ನನ್ನನ್ನು ಬೆನ್ನು ಮುಂದಾಗಿ ಕಪಾಟಿನಲ್ಲಿಟ್ಟಳು. ಬಂದವರು ಕೇಳಿದರೆ ಮಾರ್ಸೇಲ್ಸ್ ಎನ್ನುವುದಿಲ್ಲ, ಎಷ್ಟು ಹಳೆಯದು ಎನ್ನುವುದಿಲ್ಲ. "ಇದು ನಮ್ಮ ಅಪ್ಪ ಪಾಸ್ ಮಾಡಿದ ಹಂಚು" ಎನ್ನುತ್ತಾಳೆ.

ಜೂನ್ ತಿಂಗಳಲ್ಲಿ ಕೆಳಗೆ ಐತಪ್ಪನ ಮಾಡಿನ ಮೇಲೆ ಮಳೆ ಬೀಳುವ ಸದ್ದು ಇಲ್ಲಿಯವರೆಗೆ ಕೇಳುತ್ತದೆ. ನನಗೆ ಆಸೆಯಾಗುತ್ತದೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಮಳೆಗೆ ಹೋದರೆ ಸೀಮೆಸುಣ್ಣ ಉಳಿಯುವುದಿಲ್ಲ. ಒಳಗೇ ಇರುತ್ತೇನೆ.