ಹೆಸರಿಡುವ ಮುಂಚಿನ ಹಾಡು

"ಹಾಡೇನೋ ಅದಽ. ಆದ್ರ ನಮ್ಮನಿದಲ್ಲ," ಎಂದಳು ನಾಗವ್ವ, ಮೊರದಲ್ಲಿದ್ದ ಕಡಲೆಯಿಂದ ಕಣ್ಣೆತ್ತದೆ.

ಸುರಭಿ ತಂತಿಗಳ ಮೇಲೆ ಅಂಗೈ ಒತ್ತಿ ಗಿಟಾರಿನ ಬಾಯಿ ಮುಚ್ಚಿಸಿದಳು. ಒಂದೂ ಸ್ವರ ತಪ್ಪಿಲ್ಲ, ಬೇಕಾದರೆ ಆಯಿ ಹಾಡಿದ ರೆಕಾರ್ಡಿಂಗ್ ಹಚ್ಚಿ ತೋರಿಸುತ್ತೇನೆ ಎಂದು ತಾಯಿಯ ಎದುರು ವಾದಕ್ಕೆ ಕೂತಳು. ಹಿಂಜವಾಡಿಯ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಅವಳ ಕೆಲಸ. ತನ್ನದರಲ್ಲಿ ತಪ್ಪಿದೆ ಎಂದು ಯಾರಾದರೂ ಹೇಳಿದರೆ ಸಾಕ್ಷಿ ಕೇಳದೆ ಬಿಡುವ ಪೈಕಿ ಅಲ್ಲ.

"ಸ್ವರದ್ದು ನನಗೇನ್ ತಿಳೀತದ? ಟೀವ್ಯಾಗ ಹಲ್ಲುಜ್ಜೋ ಪೇಸ್ಟಿನ ಜಾಹಿರಾತಿಗೆ ಹಚ್ತಾರಲ್ಲ, ಹಂಗ ಕೇಳಸ್ತದ," ಎಂದು ನಾಗವ್ವ ಒಂದು ಹುಳುಕು ಕಾಳನ್ನು ಆರಿಸಿ ಬದಿಗೆ ಹಾಕಿದಳು.

ಬರುವ ರವಿವಾರ, ಪುಣೆಯ ಧಾಯರಿಯಲ್ಲಿ ಅವರಿದ್ದ ಇದೇ ಫ್ಲ್ಯಾಟಿನಲ್ಲಿ, ತಮ್ಮ ಸ್ವಪ್ನಿಲನ ಮಗನಿಗೆ ಹೆಸರಿಡುವ ಶಾಸ್ತ್ರ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಸುರಭಿ. ಅವಳು ತೊಟ್ಟಿಲೊಳಗೆ ಬಾಗಿ ಹೆಸರು ಹೇಳಿದ ಕೂಡಲೇ ಸುತ್ತ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಧಪಧಪ ಗುದ್ದುತ್ತಾರೆ. ಇದು ಪುಣೆಯ ಮರಾಠಿ ಮನೆಗಳಲ್ಲೂ ಉಂಟು, ಧಾರವಾಡದ ಕಡೆಯವರಲ್ಲೂ ಉಂಟು. ಇವರ ಮನೆತನದಲ್ಲಿ ಮಾತ್ರ ಇನ್ನೊಂದು ಕಟ್ಟಳೆ ಸೇರಿಕೊಂಡಿತ್ತು. ಹೆಸರು ಹೇಳುವ ಮೊದಲು ಅತ್ತೆಯಾದವಳು ಮನೆಯ ತೊಟ್ಟಿಲ ಹಾಡನ್ನು ತುದಿಮುಟ್ಟ ಹೇಳಬೇಕು. ಸುರಭಿಯ ಅಪ್ಪನ ತಾಯಿ ಶರಣಮ್ಮ, ಮೊಮ್ಮಕ್ಕಳೆಲ್ಲ ಆಯಿ ಎಂದು ಕರೆಯುತ್ತಿದ್ದವಳು, ಆ ಹಾಡನ್ನು ತನ್ನ ಮಗಳು ಭಾಮಾಗೆ ಕಲಿಸಿದ್ದಳು. ಸುರಭಿಗೂ ಸ್ವಪ್ನಿಲನಿಗೂ ಹೆಸರಿಟ್ಟವಳು ಆ ಭಾಮಾ ಅತ್ತಿಯೇ. ಆಯಿ ತೀರಿಕೊಂಡು ಈಗ ಎರಡು ಮಳೆಗಾಲ ಕಳೆದಿದ್ದವು.

ತೊಂದರೆಯೆಂದರೆ ಸುರಭಿಯ ಗಂಟಲು. ಶಾಲೆಯ ಪ್ರಾರ್ಥನೆಯಲ್ಲಿ ಮೇಡಂ ಅವಳನ್ನು ಹಿಂದಿನ ಸಾಲಿಗೆ ನಿಲ್ಲಿಸಿ, ಬರೀ ತುಟಿ ಅಲ್ಲಾಡಿಸು ಎಂದಿದ್ದರು. ಆ ಮಾತನ್ನು ಅವಳು ಮನೆಯಲ್ಲಿ ನಗುತ್ತಲೇ ಹೇಳುತ್ತಿದ್ದಳು, ಒಳಗೆ ಮಾತ್ರ ಅದು ಇನ್ನೂ ಚುಚ್ಚುತ್ತಿತ್ತು. ಮೂವತ್ತಾರು ದಾಟಿದ, ಮದುವೆ ಬೇಡವೆಂದು ಕೂತ ಹೆಣ್ಣಿಗೆ ಮನೆಯ ಶಾಸ್ತ್ರಗಳಲ್ಲಿ ಕುರ್ಚಿ ಎತ್ತಿಡುವ, ಕ್ಯಾಟರಿಂಗಿನವನಿಗೆ ಫೋನ್ ಮಾಡುವ ಕೆಲಸಗಳೇ ಪಾಲಿಗೆ ಬರುತ್ತವೆ. ಇದೊಂದು ಮಾತ್ರ ಅವಳದೇ ಆಗಿತ್ತು. ಆ ಗುದ್ದು ತನಗೆ ಬೀಳಬೇಕು ಎಂದು ಅವಳಿಗೆ ಬಹಳ ಆಸೆ. ಅದಕ್ಕೇ ಹಾಡಲು ಬಾರದಿದ್ದರೇನಂತೆ, ನುಡಿಸುತ್ತೇನೆ ಎಂದು ಹೊರಟಿದ್ದಳು.

ಸ್ವಪ್ನಿಲ್ ಸ್ಪೀಕರಿನಲ್ಲಿ ಆಯಿಯ ರೆಕಾರ್ಡಿಂಗನ್ನೇ ಹಚ್ಚಿಬಿಡೋಣ ಎಂದು ಸಲಹೆ ಕೊಟ್ಟು ತಾಯಿಯಿಂದ ಬೈಸಿಕೊಂಡಿದ್ದ. ತೀರಿಹೋದವರ ದನಿಯಿಂದ ಕೂಸಿಗೆ ಹೆಸರಿಡುತ್ತಾರೇನು?

"ನುಡಸ್ತೀಯೋ ಹಾಡ್ತೀಯೋ, ಆ ಹಾಡು ಆ ಹಾಡಿನಂಗ ಇರಬೇಕು," ಎಂದಳು ನಾಗವ್ವ ಕೊನೆಗೆ. "ಇಲ್ಲಂದ್ರ ಇಂದಾಪುರದಿಂದ ಭಾಮಾ ಬರತಾಳ. ಆಕಿನಽ ಹಾಡಿ ಹೆಸರಿಡ್ತಾಳ. ಸಿಟ್ಟಾಗಬ್ಯಾಡ ಮತ್ತ."

ಸುರಭಿ ಸಿಟ್ಟಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಿಟಾರನ್ನು ಚೀಲಕ್ಕೆ ತುರುಕಿ, ಜಿಪ್ಪನ್ನು ಜೋರಾಗಿ ಎಳೆದಳು.

ಗುರುವಾರ ಸಂಜೆ ಕೋಥ್ರೂಡಿನಲ್ಲಿ ಅವಳ ಗಿಟಾರ್ ಕ್ಲಾಸು. ಕಲಿಸುವ ಪ್ರಣವ ಅವಳಿಗಿಂತ ಹತ್ತು ವರ್ಷ ಚಿಕ್ಕವ, ಮರಾಠಿಗೆ ಇಂಗ್ಲಿಷ್ ಬೆರೆಸಿ ಮಾತಾಡುವ ನಿಧಾನಸ್ಥ. ಕಳೆದ ಕೆಲವು ತಿಂಗಳಿಂದ ಅವರು ಮೋಡ್‌ಗಳ ಪಾಠದಲ್ಲಿದ್ದರು. ಅವೇ ಏಳು ಸ್ವರಗಳು. ಸಿ ಎಂಬ ಸ್ವರದಿಂದ ಹೊರಟು ಸಿಗೆ ಬಂದರೆ ಒಂದು ಮೋಡ್, ಡಿಯಿಂದ ಹೊರಟು ಡಿಗೆ ಬಂದರೆ ಇನ್ನೊಂದು, ಹೀಗೆ ಒಟ್ಟು ಏಳು. ಸುರಭಿ ಅವುಗಳ ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಳು. ಅಯೋನಿಯನ್, ಡೋರಿಯನ್, ಫ್ರಿಜಿಯನ್ ಎಂದು ಒಂದೊಂದಕ್ಕೂ ಬೆರಳು ಎಲ್ಲಿಡಬೇಕೆಂದು ನಿದ್ದೆಗಣ್ಣಿನಲ್ಲೂ ತೋರಿಸಬಲ್ಲಳು. ಆದರೆ ಏಳೂ ತನ್ನ ಕಿವಿಗೆ ಒಂದೇ ತರಹ ಕೇಳುತ್ತವೆ ಎಂಬ ಸತ್ಯವನ್ನು ಇಲ್ಲಿಯತನಕ ಅವನ ಮುಂದೆ ಬಾಯಿಬಿಟ್ಟಿರಲಿಲ್ಲ.

ಅಂದು ಬಿಟ್ಟಳು. ತೊಟ್ಟಿಲ ಹಾಡು ನುಡಿಸಿ ತೋರಿಸಿ, ಅವ್ವ ಪೇಸ್ಟಿನ ಜಾಹಿರಾತು ಎಂದದ್ದನ್ನೂ ಹೇಳಿದಳು. ಪ್ರಣವ ನಗಲಿಲ್ಲ. ಹಾಡಿನ ಸ್ವರಗಳೆಲ್ಲ ಸಿಯ ಏಳು ಸ್ವರಗಳೇ, ಶುರುವಾಗುವುದೂ ಸಿಯಿಂದಲೇ, ಅದಕ್ಕೇ ಕೆಳಗೆ ಸಿಯ ಸ್ವರಗುಚ್ಛ, ಅಂದರೆ ಸಿ ಕಾರ್ಡ್, ಹಾಕಿದೆ ಎಂದು ಅವಳು ಲೆಕ್ಕ ಒಪ್ಪಿಸಿದಳು. ಪ್ರತಿ ಸಾಲೂ ಇ ಸ್ವರಕ್ಕೆ ಬಂದು ನಿಲ್ಲುತ್ತಿತ್ತು, ಅದರ ಕೆಳಗೂ ಸಿ ಕಾರ್ಡ್ ಚೆಂದವಾಗಿ ಹೊಂದಿತ್ತು. ಹೊಂದಿದ್ದೇ ತೊಂದರೆ ಎಂದ ಪ್ರಣವ.

ಅವನು ಬಾರಿಸಿದ್ದನ್ನೇ ಮತ್ತೆ ಮತ್ತೆ ಬಾರಿಸುವ ಪೆಡಲನ್ನು ಕಾಲಿನಿಂದ ಒತ್ತಿ, ಸಿ ಸ್ವರವೊಂದನ್ನೇ ಎಡೆಬಿಡದೆ ಕೇಳುವಂತೆ ಮಾಡಿದ. ಅದರ ಮೇಲೆ ಏಳು ಸ್ವರ ನುಡಿಸಲು ಹೇಳಿದ. ನುಡಿಸಿದಳು, ಬೆಳಗಿನ ಬಿಸಿಲಿನ ಹಾಗಿತ್ತು. ಆಮೇಲೆ ಸಿಯನ್ನು ತೆಗೆದು ಇ ಸ್ವರವನ್ನು ಹಚ್ಚಿಟ್ಟ. ಬೆರಳು ಬದಲಿಸಬೇಡ, ಅವೇ ಸ್ವರಗಳನ್ನು ನುಡಿಸು ಎಂದ. ಅವಳು ನಾಲ್ಕು ಸ್ವರ ನುಡಿಸಿ ನಿಂತುಬಿಟ್ಟಳು. ಸ್ವರಗಳು ಅವೇ, ಬೆರಳುಗಳು ಅವೇ, ಆದರೆ ಎದೆಯಲ್ಲಿ ಏನೋ ಭಾರವಾಯಿತು. ಇ ಸ್ವರದ ಪಕ್ಕದ ಎಫ್ ತೀರ ಹತ್ತಿರ ನಿಂತು ಕೆಳಕ್ಕೆ ಜಗ್ಗುತ್ತಿತ್ತು. ಬೆರಳಿನ ಆಕಾರಗಳನ್ನು ಕಲಿತಷ್ಟು ದಿನವೂ ಇದನ್ನು ಕೇಳಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಎಲ್ಲಿಂದ ಹೊರಟೆ ಎಂಬುದು ಮುಖ್ಯವಲ್ಲ, ಕಿವಿ ಯಾವ ಸ್ವರವನ್ನು ಮನೆ ಎಂದುಕೊಂಡಿದೆ ಎಂಬುದೇ ಮುಖ್ಯ ಎಂದ ಪ್ರಣವ. ಮನೆ ಇ ಆದರೆ ಅದು ಫ್ರಿಜಿಯನ್. ಆದರೆ ಈ ಹಾಡಿಗೂ ಅದೇ ಮನೆ ಎಂದು ತಾನು ಹೇಳಲಾರೆ; ಹಾಡಿದವರು ಸಾಲು ಮುಗಿಸಿ ಎಲ್ಲಿ ತಂಗುತ್ತಿದ್ದರು ನೋಡು ಎಂದ. ಎಲ್ಲಿಯೂ ಇಲ್ಲ, ಎರಡು ಸಾಲುಗಳ ನಡುವೆ ಮೌನ ಎಂದಳು ಸುರಭಿ. ರೆಕಾರ್ಡಿಂಗ್ ಹಚ್ಚಿ ಕೇಳಿಸಿದಳು. ಪ್ರಣವ ಹುಬ್ಬು ಗಂಟಿಕ್ಕಿದ. ತೊಟ್ಟಿಲು ತೂಗುವವರು ಇಷ್ಟು ಹೊತ್ತು ಸುಮ್ಮನಿರುತ್ತಾರೆಯೇ ಎಂದು ಕೇಳಿದ.

ಆಗ ಅವಳಿಗೆ ಹೊಳೆಯಿತು. ಈ ರೆಕಾರ್ಡಿಂಗ್ ಅಸಲಿಯಲ್ಲ. ಇಂದಾಪುರದಲ್ಲಿ ಭಾಮಾ ಅತ್ತಿಯ ಮೊಮ್ಮಗುವನ್ನು ಆಯಿ ತೂಗುತ್ತಿದ್ದಾಗ ಸ್ವಪ್ನಿಲ್ ಮೊಬೈಲಿನಲ್ಲಿ ಹಿಡಿದದ್ದು ಅಸಲಿ. ಅದರಲ್ಲಿ ಫ್ಯಾನಿನ ಸದ್ದು ತುಂಬಿಕೊಂಡಿತ್ತು. ರಾಗ ಸ್ಪಷ್ಟವಾಗಿ ಸಿಗಲಿ ಎಂದು ಅವಳೇ ಒಂದು ಆ್ಯಪಿಗೆ ಹಾಕಿ ಹಿನ್ನೆಲೆಯ ಗದ್ದಲ ತೆಗೆಸಿದ್ದಳು. ಎಷ್ಟು ಚೊಕ್ಕ ಆಯಿತು ನೋಡು ಎಂದು ತಮ್ಮನಿಗೂ ತೋರಿಸಿ ಬೀಗಿದ್ದಳು. ಒಂದೇ ಸಮನೆ ಕೇಳುವ ಸದ್ದನ್ನೆಲ್ಲ ಗದ್ದಲ ಎಂದು ಒರೆಸಿಹಾಕುವುದು ಆ ಆ್ಯಪಿನ ಕೆಲಸ. ತನ್ನ ಫೋನಿನಲ್ಲಿದ್ದ ಮೂಲವನ್ನು ಅಂದೇ ಅಳಿಸಿದ್ದಳು. ಆದರೆ ಸ್ವಪ್ನಿಲ್ ಅದನ್ನು ಅವ್ವನಿಗೂ ಕಳಿಸಿದ್ದ.

ಮನೆ ಮುಟ್ಟಿದವಳು ಚಪ್ಪಲಿಯನ್ನು ಸರಿಯಾಗಿ ಬಿಡದೆ ತಾಯಿಯ ಫೋನ್ ಕೇಳಿದಳು. ನಾಗವ್ವ ಫೋನಿಗೆ ಬಂದದ್ದು ಯಾವುದನ್ನೂ ಅಳಿಸುವವಳಲ್ಲ. ಗುಡ್ ಮಾರ್ನಿಂಗಿನ ಹೂಗಳು, ಔಷಧಿ ಚೀಟಿ, ಸೊಸೆಯ ಸೀಮಂತದ ಫೋಟೋಗಳು, ಇವೆಲ್ಲ ದಾಟಿ ಹಿಂದಕ್ಕೆ ಹೋದಾಗ ಅದು ಸಿಕ್ಕಿತು. ಸುರಭಿ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತಳು.

ಫ್ಯಾನು. ದೂರದಲ್ಲಿ ಕುಕ್ಕರಿನ ಸೀಟಿ. ಆಯಿ ಒಂದು ಸಾಲು ಹಾಡಿದಳು. ಸಾಲು ಮುಗಿಯಿತು, ದನಿ ನಿಲ್ಲಲಿಲ್ಲ. ಬಾಯಿ ಮುಚ್ಚಿಕೊಂಡು ಗಂಟಲೊಳಗೇ ಗುಂಯ್ ಎನ್ನುತ್ತಿದ್ದಳು. ತೊಟ್ಟಿಲು ಅತ್ತ ಹೋಗಿ ಇತ್ತ ಬರುವಷ್ಟು ಹೊತ್ತು ಅದೇ ಒಂದು ಸ್ವರ, ತಗ್ಗಿನಲ್ಲಿ, ಏರದೆ ಇಳಿಯದೆ. ಆಮೇಲೆ ಮುಂದಿನ ಸಾಲು. ಮತ್ತೆ ಅದೇ ಗುಂಯ್. ಸುರಭಿ ಎಳೆಯವಳಿದ್ದಾಗ ಆಯಿಯ ತೊಡೆಯ ಮೇಲೆ ತಲೆಯಿಟ್ಟರೆ ಹೊಟ್ಟೆಯಿಂದ ಏಳುತ್ತಿದ್ದ ದನಿ ಅದು. ಅದನ್ನೇ ತಾನು ಗದ್ದಲ ಎಂದು ಒರೆಸಿಹಾಕಿದ್ದೆ ಎನಿಸಿ ಅವಳಿಗೆ ಕಣ್ಣು ತುಂಬಿಬಂತು. ನಾಗವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಏನಾತು ಎಂದು ಕೇಳಿದಳು. ಸುರಭಿ ಗಿಟಾರನ್ನು ಚೀಲದಿಂದ ಹೊರತೆಗೆದಳು.

ಗಿಟಾರಿನ ಆರು ತಂತಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಇ. ಆಯಿ ಗುಂಯ್‌ಗುಟ್ಟಿದ್ದೂ ಇ ಸ್ವರವನ್ನೇ, ಕೂದಲೆಳೆಯಷ್ಟು ತಗ್ಗಿಸಿ. ತಂತಿಗಳನ್ನು ಅಷ್ಟೇ ಸಡಿಲಿಸಿ, ಕಾರ್ಡುಗಳನ್ನೆಲ್ಲ ಬಿಟ್ಟು, ಹೆಬ್ಬೆರಳಿನಿಂದ ಆ ದಪ್ಪ ತಂತಿಯನ್ನು ಮೀಟಿದಳು. ಅದು ಗುಂಯ್ ಎನ್ನುತ್ತಿರುವಾಗಲೇ ಮೇಲಿನ ತಂತಿಗಳಲ್ಲಿ ಹಾಡಿನ ಸಾಲು ನುಡಿಸಿದಳು. ಸಿಯಿಂದ ಹೊರಟ ಸಾಲು ತಿರುಗಾಡಿ, ಎಫ್ ಎಂಬ ಇಕ್ಕಟ್ಟಿನ ಮೆಟ್ಟಿಲನ್ನು ಇಳಿದು, ಇ ಸ್ವರಕ್ಕೆ ಬಂದು ಕೂತಿತು. ಸಾಲು ಮುಗಿದ ಮೇಲೂ ಹೆಬ್ಬೆರಳು ಬಿಡಲಿಲ್ಲ.

ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ನಾಗವ್ವ ಅದನ್ನು ತಿರುವಿ ಹಾಕಿದಳು. ಆಮೇಲೆ, ಭಾಮಾಗೆ ಹಾಡಲು ತಯಾರಾಗಿ ಬಾ ಎಂದು ಫೋನ್ ಮಾಡಿಯಾಗಿದೆ, ಈಗ ಬೇಡ ಎನ್ನಲು ಬಾಯಿ ಬಾರದು ಎಂದಳು.

"ಮೊದ್ಲ ನೀ ಬಾರಸು. ಅದು ಆಕಿ ಅವ್ವನ ಹಾಡು. ಆಕಿ ಹೂಂ ಅಂದ್ರ ನೀನಽ ಹೆಸರಿಡು," ಎಂದಳು.

ರವಿವಾರ ಭಾಮಾ ಅತ್ತಿ ಎಸ್‌ಟಿ ಬಸ್ಸಿನಲ್ಲಿ ಬಂದಿಳಿದಳು. ಇಳಕಲ್ಲ ಸೀರೆ ಉಟ್ಟು, ಗಂಟಲು ಕೆಡಬಾರದೆಂದು ದಾರಿಯುದ್ದಕ್ಕೂ ಲವಂಗ ಕಡಿಯುತ್ತ ಬಂದಿದ್ದಳು. ನುಡಿಸುವ ವಿಷಯ ಕೇಳಿ ಹೌದೇನು ಎಂದಷ್ಟೇ ಅಂದು, ಗಿಟಾರಿನ ಕಡೆ ನೋಡಿದಳು. ಆ ನೋಟ ಕಂಡು ಸುರಭಿ ತಂತಿಗಳ ಶ್ರುತಿಯನ್ನು ಮತ್ತೊಮ್ಮೆ ನೋಡಿಕೊಂಡಳು. ಸ್ವಪ್ನಿಲನ ಹೆಂಡತಿ ಹರ್ಷದಾಳ ತವರಿನವರು ಭೋರ್‌ನಿಂದ ಬಂದಿದ್ದರು. ಹಾಲಿನ ನಡುವೆ ತೊಟ್ಟಿಲು ಕಟ್ಟಿತ್ತು. ಮೊದಲು ಶಾಸ್ತ್ರದಂತೆ ಗುಂಡುಕಲ್ಲನ್ನು ಅದರಲ್ಲಿ ಮಲಗಿಸಿ ತೆಗೆದರು, ಆಮೇಲೆ ಮಗುವನ್ನು ಮಲಗಿಸಿದರು. ತೊಟ್ಟಿಲ ಹಗ್ಗವನ್ನು ಯಾರೂ ಕೇಳದೆಯೇ ಭಾಮಾ ಅತ್ತಿ ಕೈಗೆ ತೆಗೆದುಕೊಂಡಳು. ಹುಡುಗಿ ತಡವರಿಸಿದರೆ ಅಲ್ಲಿಂದಲೇ ಎತ್ತಿಕೊಳ್ಳುವುದು ಎಂದು ಅವಳ ಮುಖದಲ್ಲೇ ಬರೆದಿತ್ತು.

ಸುರಭಿ ಮೊದಲ ಸಾಲು ನುಡಿಸಿದಳು. ಸಾಲು ಮುಗಿದಾಗ ಭಾಮಾ ಅತ್ತಿ ಉಸಿರು ಎಳೆದುಕೊಂಡು ಬಾಯಿ ತೆರೆದಳು. ಆ ತೆರವಿನಲ್ಲಿ ದಪ್ಪ ತಂತಿ ಗುಂಯ್ ಎಂದಿತು. ತೆರೆದ ಬಾಯಿ ಹಾಗೇ ನಿಂತಿತು. ಎರಡನೆಯ ಸಾಲಿಗೆ ಹಗ್ಗ ಜಗ್ಗುವ ಕೈ ಹಾಡಿನ ಲಯಕ್ಕೆ ಬಂದಿತ್ತು, ಕಣ್ಣು ಮಾತ್ರ ಗಿಟಾರಿನ ಮೇಲೂ ಇರಲಿಲ್ಲ, ಮಗುವಿನ ಮೇಲೂ ಇರಲಿಲ್ಲ. ಅವಳು ಒಂದು ಸಾಲನ್ನೂ ಹಾಡಲಿಲ್ಲ. ಹಾಡು ಮುಗಿಯುವ ತನಕ ತೂಗಿದಳು.

"ಅವ್ವ ಹಿಂಗಽ ಅಂತಿದ್ಲು," ಎಂದಳು ಕೊನೆಗೆ. "ನಾ ಕಲಿಯೂಮುಂದ ಅದನ್ನ ಬಿಟ್ಟಽ ಕಲ್ತೆ. ಅದು ಹಾಡಿನ್ಯಾಗಿಂದು ಅಂತ ತಿಳೀಲಿಲ್ಲ ನನಗ." ನಾಗವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಭಾಮಾ ಅತ್ತಿ ಹಗ್ಗವನ್ನು ಎಡಗೈಗೆ ಬದಲಿಸಿ, ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಂತೀ ಯಾಕ? ಹೆಸರಿಡು."

ಸುರಭಿ ಗಿಟಾರನ್ನು ಗೋಡೆಗೆ ಒರಗಿಸಿ ತೊಟ್ಟಿಲೊಳಗೆ ಬಾಗಿದಳು. ಹಾಲಿನ, ಹರಳೆಣ್ಣೆಯ ವಾಸನೆ ಬರುತ್ತಿದ್ದ ಆ ಪುಟ್ಟ ಕಿವಿಗೆ ತುಟಿ ತಾಗಿಸಿ, ವಾಡಿಕೆಯಂತೆ ಮೊದಲು ಕುರ್ರ್ ಎಂದು, ಸಾತ್ವಿಕ ಎಂದು ಹೆಸರು ಹೇಳಿದಳು. ಬೆನ್ನ ಮೇಲೆ ಗುದ್ದುಗಳು ಬಿದ್ದವು. ಭೋರಿನ ಹೆಂಗಸರ ಕೈ ಹಗುರ, ನಾಗವ್ವನದು ಗಟ್ಟಿ. ಎಲ್ಲರದೂ ಮುಗಿದ ಮೇಲೆ, ನಡು ಬೆನ್ನಿಗೆ, ಉಸಿರು ಕಟ್ಟುವಂತೆ ಇನ್ನೊಂದು ಬಿತ್ತು. ಅದು ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ.

ಗುದ್ದಿದ ಕೈ ಮೇಲೇಳಲಿಲ್ಲ. ಗುಗ್ಗರಿಯ ಪಾತ್ರೆ ಬಂತು, ಹೆಂಗಸರು ಬಟ್ಟಲಿಗಾಗಿ ಆಚೆ ಸರಿದರು. ಸುರಭಿ ಬಾಗಿದವಳು ಬಾಗಿಯೇ ಇದ್ದಳು. ಅವಳ ಬೆನ್ನ ಮೇಲೆ ಅಂಗೈ ಊರಿಕೊಂಡು ಭಾಮಾ ಅತ್ತಿ ಇನ್ನೊಂದು ಕೈಯಿಂದ ಹಗ್ಗ ಜಗ್ಗುತ್ತಿದ್ದಳು. ತೊಟ್ಟಿಲು ಅತ್ತ ಹೋಗಿ ಇತ್ತ ಬರುತ್ತಿತ್ತು, ಅತ್ತಿಯ ಮುಚ್ಚಿದ ಬಾಯೊಳಗಿಂದ ಸಣ್ಣಗೆ ಗುಂಯ್ ಎಂದು ಕೇಳುತ್ತಿತ್ತು.